ಒಂದು ಸ್ಕೂಟರಿಗೆ ಒಂದು ಪ್ಯಾನೆಲ್: ಮನೆಯ ಬಿಸಿಲಿನಲ್ಲಿ ಗಾಡಿ ಓಡಿಸುವ ಪೂರ್ತಿ ವಿಧಾನ

ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ಧಾರವಾಡದ ಕಚೇರಿಗೆ ದಿನಾ ಹೋಗಿಬರುವವರ ಗಾಡಿ, ಊರೊಳಗಿನ ಓಡಾಟವೂ ಸೇರಿ, ಸುಮಾರು 45 ಕಿಮೀ ಓಡುತ್ತದೆ. ತಿಂಗಳಿಗೆ 25 ದಿನ ಹಿಡಿದರೆ 1,125 ಕಿಮೀ. ಲೀಟರಿಗೆ 45 ಕಿಮೀ ಕೊಡುವ ಪೆಟ್ರೋಲ್ ಸ್ಕೂಟರಿಗೆ ಇದಕ್ಕೆ 25 ಲೀಟರ್ ಬೇಕು. ಲೀಟರಿಗೆ ನೂರು ರೂಪಾಯಿ ದಾಟಿರುವಾಗ ಖರ್ಚು ಎರಡೂವರೆ ಸಾವಿರದ ಮೇಲಾಯಿತು. ಅದೇ ದೂರಕ್ಕೆ ಎಲೆಕ್ಟ್ರಿಕ್ ಸ್ಕೂಟರ್ ಗೋಡೆಯ ಪ್ಲಗ್ಗಿನಿಂದ ಎಳೆಯುವುದು ಸುಮಾರು 43 ಯೂನಿಟ್. ಯೂನಿಟ್ಟಿಗೆ ಆರೂವರೆ ರೂಪಾಯಿ ಹಿಡಿದರೂ 280 ರೂಪಾಯಿ.

ಇನ್ನೊಂದು ಲೆಕ್ಕವೂ ಇದೆ. 540 ವ್ಯಾಟ್‌ನ ಒಂದೇ ಒಂದು ಸೋಲಾರ್ ಪ್ಯಾನೆಲ್ ನಮ್ಮ ಬಿಸಿಲಿನಲ್ಲಿ ವರ್ಷದ ಸರಾಸರಿಯಲ್ಲಿ ದಿನಕ್ಕೆ ಎರಡು ಯೂನಿಟ್‌ಗಿಂತ ಸ್ವಲ್ಪ ಹೆಚ್ಚು, ಅಂದರೆ ತಿಂಗಳಿಗೆ ಸುಮಾರು 65 ಯೂನಿಟ್ ಕೊಡುತ್ತದೆ. ಮೃಗಶಿರಾ ಮಳೆಯಿಂದ ಮಖಾ ಮಳೆಯವರೆಗೆ ಧಾರವಾಡದ ಮೋಡದಲ್ಲಿ ಇದು ಮೂರನೇ ಒಂದು ಪಾಲಿನಿಂದ ಅರ್ಧದವರೆಗೂ ಇಳಿಯುತ್ತದೆ. ಗದಗದ ಕಡೆ ಅಷ್ಟು ಇಳಿಯುವುದಿಲ್ಲ. ಮಳೆಗಾಲದ ಕೊರತೆ ಬಿಟ್ಟರೆ, ವರ್ಷದ ಸರಾಸರಿಯಲ್ಲಿ ಒಂದು ಸ್ಕೂಟರಿನ ಹೊಟ್ಟೆಗೆ ಒಂದು ಪ್ಯಾನೆಲ್ ಸಾಕು. ಕಾರಿಗಾದರೆ ತಿಂಗಳಿಗೆ 1,000 ಕಿಮೀ ಓಡಲು ಸುಮಾರು 150 ಯೂನಿಟ್ ಬೇಕು, ಅಂದರೆ ಮೂರು ಪ್ಯಾನೆಲ್.

ಪ್ಯಾನೆಲ್ ಇಲ್ಲದಿದ್ದರೂ ಲಾಭವಿದೆ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, 25 ಲೀಟರಿಗೆ 57 ಕಿಲೋ. ಕಲ್ಲಿದ್ದಲು ಬೆರೆತ ಗ್ರಿಡ್ ಕರೆಂಟಿನ 43 ಯೂನಿಟ್‌ಗೆ ಸುಮಾರು 31 ಕಿಲೋ. ಅರ್ಧದಷ್ಟು ಕಡಿಮೆ ಆಗುತ್ತದೆ, ಪೂರ್ತಿ ಇಲ್ಲವಾಗುವುದಿಲ್ಲ. ರಾತ್ರಿ ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನ ಪಾಲು ಹೆಚ್ಚು, ನಡುಹಗಲು ಪಾವಗಡದಂಥ ಸೋಲಾರ್ ಪಾರ್ಕ್‌ಗಳ ಪಾಲು ಹೆಚ್ಚು. ಆದ್ದರಿಂದ ಬಾಡಿಗೆ ಮನೆಯವರು ಕೂಡ ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರ ಒಳಗೆ, ಕೆಲಸದ ಜಾಗದಲ್ಲಿ ಒಪ್ಪಿಗೆ ಪಡೆದು ಚಾರ್ಜ್ ಹಾಕಿದರೆ ಬಿಸಿಲಿನ ಕರೆಂಟೇ ಹೆಚ್ಚು ಸಿಗುತ್ತದೆ.

ಮೊದಲು ಒಂದು ವಾರ ಬರೆದಿಡಿ

ಕೊಳ್ಳುವ ಮೊದಲು ಈಗಿನ ಗಾಡಿಯ ಮೀಟರ್ ನೋಡಿ ಏಳು ದಿನ ಬೆಳಿಗ್ಗೆ-ಸಂಜೆ ಕಿಮೀ ಬರೆಯಿರಿ. ಸರಾಸರಿಗಿಂತ ಮುಖ್ಯವಾದದ್ದು ವಾರದಲ್ಲಿ ಅತಿ ಹೆಚ್ಚು ಓಡಿದ ದಿನ. ಆ ದಿನದ ಓಟದ ಒಂದೂವರೆ ಪಟ್ಟು ನಿಜವಾದ ರೇಂಜ್ (ಒಂದು ಚಾರ್ಜಿಗೆ ಓಡುವ ದೂರ) ಇರುವ ಗಾಡಿ ಸಾಕು. ಅದಕ್ಕಿಂತ ದೊಡ್ಡ ಬ್ಯಾಟರಿ ಎಂದರೆ ದಿನವೂ ಸುಮ್ಮನೆ ಹೊರುವ ಭಾರ. ಕಂಪನಿ ಹೇಳುವ ಪ್ರಮಾಣಿತ ರೇಂಜಿನ ಶೇ 70ರಿಂದ 75ರಷ್ಟನ್ನೇ ನಿಜವೆಂದು ಹಿಡಿಯಿರಿ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಏರು ಇದೆಯಲ್ಲ ಎಂದು ಹಿಂಜರಿಯುವವರಿದ್ದಾರೆ. ಇಬ್ಬರು ಕೂತ ಸ್ಕೂಟರನ್ನು ನೂರು ಮೀಟರ್ ಎತ್ತರಕ್ಕೆ ಏರಿಸಲು ತಗಲುವ ಹೆಚ್ಚುವರಿ ಶಕ್ತಿ ಎರಡು-ಮೂರು ಕಿಮೀ ಓಟಕ್ಕೆ ಸಮ, ಅಷ್ಟೇ. ರೇಂಜನ್ನು ನಿಜವಾಗಿ ತಿನ್ನುವುದು ವೇಗ. ಹೊಸ ಗಾಡಿ ಬಂದ ಮೇಲೆ ಒಂದೇ ರಸ್ತೆಯಲ್ಲಿ 10 ಕಿಮೀ 45ರ ವೇಗದಲ್ಲಿ, ಇನ್ನೊಂದು ದಿನ ಅದೇ 10 ಕಿಮೀ 60ರ ವೇಗದಲ್ಲಿ ಓಡಿಸಿ, ಎರಡು ಸಲವೂ ಬ್ಯಾಟರಿ ಎಷ್ಟು ಶೇಕಡಾ ಇಳಿಯಿತೆಂದು ಬರೆದಿಡಿ. ದೂರದ ಪಯಣಕ್ಕೆ ಈ ಎರಡು ಅಂಕಿಗಳೇ ಆಧಾರ.

ಬ್ಯಾಟರಿ ಎಐಎಸ್-156 ಸುರಕ್ಷತಾ ಮಾನದಂಡದ ತಿದ್ದುಪಡಿಗಳಿಗೆ ಒಪ್ಪುವಂಥದ್ದೇ ಎಂದು ಕೇಳಿ. ಇವು 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆ, ಹೀಗೆ ಎರಡು ಹಂತದಲ್ಲಿ ಜಾರಿಗೆ ಬಂದವು. ಹಳೆಯ ಗಾಡಿ ಕೊಳ್ಳುವವರು ತಯಾರಿಕೆಯ ತಿಂಗಳನ್ನು ನೋಡಲೇಬೇಕು.

ಗಾಡಿ ಬರುವ ಮೊದಲೇ ಪಾಯಿಂಟ್ ಹಾಕಿಸಿ

ಎಡವಟ್ಟಾಗುವುದು ಹೆಚ್ಚಾಗಿ ಇಲ್ಲಿಯೇ. ಸ್ಕೂಟರಿನ ಚಾರ್ಜರ್ ಸಾಮಾನ್ಯವಾಗಿ 750 ವ್ಯಾಟ್‌ನ ಆಸುಪಾಸು, ಮೂರೂವರೆಯಿಂದ ನಾಲ್ಕು ಆಂಪಿಯರ್ ಎಳೆಯುತ್ತದೆ. ಅಂಕಿ ಸಣ್ಣದು, ಆದರೆ ನಾಲ್ಕೈದು ತಾಸು ಬಿಡುವಿಲ್ಲದೆ ಎಳೆಯುತ್ತದೆ. ಪಡಸಾಲೆಯ ಹಳೆಯ 5 ಆಂಪಿಯರ್ ಸಾಕೆಟ್ಟಿನ ಸಡಿಲಾದ ಹಿಡಿತ ಅಷ್ಟು ಹೊತ್ತು ತಡೆಯುವುದಿಲ್ಲ. ಮೊದಲು ಬೆಚ್ಚಗಾಗುತ್ತದೆ, ಆಮೇಲೆ ಹಳದಿಯಾಗುತ್ತದೆ, ಕಡೆಗೆ ಕರಗುತ್ತದೆ. ಎಕ್ಸ್‌ಟೆನ್ಶನ್ ಬೋರ್ಡ್‌ನಲ್ಲಂತೂ ಚಾರ್ಜ್ ಹಾಕಲೇಬೇಡಿ.

ವೈರ್‌ಮನ್‌ಗೆ ಹೇಳಬೇಕಾದದ್ದು ಇಷ್ಟು. ಮೀಟರ್ ಬೋರ್ಡ್‌ನಿಂದ ಗಾಡಿ ನಿಲ್ಲುವ ಜಾಗಕ್ಕೆ ಪ್ರತ್ಯೇಕ ಲೈನ್, 2.5 ಚದರ ಮಿಮೀ ತಾಮ್ರದ ವೈರು. ದೂರ 25 ಮೀಟರ್ ಮೀರಿದರೆ, ಅಥವಾ ಮುಂದೆ ಕಾರು ತರುವ ವಿಚಾರವಿದ್ದರೆ 4 ಚದರ ಮಿಮೀ. ಆ ಲೈನಿಗೇ ಒಂದು 16 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್), 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್). ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ, ಮುಚ್ಚಳವಿರುವ ಪೆಟ್ಟಿಗೆಯೊಳಗೆ 16 ಆಂಪಿಯರ್ ಸಾಕೆಟ್. ಮಳೆ ಇರಚಲು ಬಡಿಯುವ ಗೋಡೆ ಬೇಡ. ಕಾರಿಗೆ ಇದೇ ಸಾಕೆಟ್ಟಿನಿಂದ ಸುಮಾರು 3 ಕಿಲೋವ್ಯಾಟ್ ಹೋಗುವುದರಿಂದ, ಬಿಲ್ಲಿನಲ್ಲಿ ನಮೂದಾಗಿರುವ ಮಂಜೂರಾದ ಲೋಡ್ ಸಾಲದಿದ್ದರೆ ಹೆಸ್ಕಾಂ (ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ) ಉಪವಿಭಾಗದಲ್ಲಿ ಮೊದಲೇ ಹೆಚ್ಚಿಸಿಕೊಳ್ಳಿ. ಸ್ವಂತ ಗಾಡಿಗೆ ಮನೆಯ ಈಗಿನ ಸಂಪರ್ಕದಿಂದಲೇ ಚಾರ್ಜ್ ಹಾಕಿಕೊಳ್ಳಬಹುದು. ಅಪಾರ್ಟ್‌ಮೆಂಟಿನವರು ತಮ್ಮ ಮೀಟರಿನಿಂದಲೇ ಪಾರ್ಕಿಂಗ್‌ವರೆಗೆ ವೈರು ಎಳೆಸಿದರೆ ಸೊಸೈಟಿಯ ಲೆಕ್ಕದ ಜಗಳ ಹುಟ್ಟುವುದಿಲ್ಲ.

ಇನ್ನು ಅರ್ಥಿಂಗ್. ಚಾರ್ಜರ್ ದೀಪ ಕೆಂಪಾಗಿ ಮಿನುಗಿ ನಿಂತರೆ ಹಲವು ಸಲ ಅರ್ಥಿಂಗ್ ಕೊರತೆಯೇ ಕಾರಣ. ಮಲ್ಟಿಮೀಟರ್ ಇಟ್ಟು ನೋಡಿ: ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಇದ್ದರೆ, ಫೇಸ್ ಮತ್ತು ಅರ್ಥ್ ನಡುವೆಯೂ ಬಹುತೇಕ ಅಷ್ಟೇ ಇರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ 3 ವೋಲ್ಟ್ ದಾಟಬಾರದು. ದಾಟಿದರೆ ಅರ್ಥಿಂಗ್ ಪೈಪು ನೆಟ್ಟ ಗುಂಡಿಯ ಕಡೆ ಗಮನ ಕೊಡಿ. ಎರೆಮಣ್ಣು ಮಳೆಗಾಲದಲ್ಲಿ ಚೆನ್ನಾಗಿ ಹಿಡಿಯುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಪೈಪಿನಿಂದ ಬೇರೆಯಾಗುತ್ತದೆ. ಮಸಾರಿ ನೆಲದಲ್ಲಿ ತೇವವೇ ನಿಲ್ಲುವುದಿಲ್ಲ. ಎರಡೂವರೆಯಿಂದ ಮೂರು ಮೀಟರ್ ಉದ್ದದ ಜಿಐ ಪೈಪು ನೆಟ್ಟು, ಸುತ್ತ ಇದ್ದಿಲು-ಉಪ್ಪು ಅಥವಾ ಬೆಂಟೊನೈಟ್ (ತೇವ ಹಿಡಿದಿಡುವ ಜೇಡಿಮಣ್ಣು) ತುಂಬಿಸಿ, ಯುಗಾದಿಯಿಂದ ಮಳೆ ಹಿಡಿಯುವವರೆಗೆ ವಾರಕ್ಕೊಂದು ಕೊಡ ನೀರು ಹಾಕಿ.

ಕೆಲವರು ಚಾರ್ಜರಿಗೆ ಮಂಕುಬೂದಿ ಎರಚಲು ಸಾಕೆಟ್ಟಿನ ಹಿಂದೆ ನ್ಯೂಟ್ರಲ್ ಮತ್ತು ಅರ್ಥ್ ಎರಡನ್ನೂ ಗಂಟು ಹಾಕಿಬಿಡುತ್ತಾರೆ. ದೀಪ ಹಸಿರಾಗುತ್ತದೆ, ಗಾಡಿ ಚಾರ್ಜ್ ಆಗುತ್ತದೆ. ಆದರೆ ಕಂಬದಿಂದ ಬರುವ ನ್ಯೂಟ್ರಲ್ ಒಂದು ದಿನ ಕಡಿದರೆ ಗಾಡಿಯ ಕಬ್ಬಿಣದ ಭಾಗವೆಲ್ಲ 230 ವೋಲ್ಟ್ ಆಗಿ ನಿಲ್ಲುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿರುತ್ತಾರೆ. ಕೆಲಸ ಮುಗಿದ ಮೇಲೆ, ಮೇನ್ ಆರಿಸಿ, ಸಾಕೆಟ್ ಬಿಚ್ಚಿಸಿ ಕಣ್ಣಾರೆ ನೋಡಿಯೇ ದುಡ್ಡು ಕೊಡಿ. ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ತಟ್ಟನೆ ಬೀಳದಿದ್ದರೆ ಅದನ್ನು ಬದಲಾಯಿಸಿ.

ಹೊಲದ ಮನೆಯವರಿಗೆ ಒಂದು ಮಾತು: ಪಂಪ್‌ಸೆಟ್ ಸಂಪರ್ಕ ನೀರೆತ್ತಲು ಕೊಟ್ಟದ್ದು, ಅಲ್ಲಿಂದ ಗಾಡಿಗೆ ಎಳೆಯಬೇಡಿ. ಅಲ್ಲಿ ಎರಡು ಫೇಸ್ ನಡುವೆ 415 ವೋಲ್ಟ್ ಇರುತ್ತದೆ, ತಪ್ಪು ತಂತಿ ಹಿಡಿದರೆ ಚಾರ್ಜರ್ ಆ ಕ್ಷಣವೇ ಸುಟ್ಟುಹೋಗುತ್ತದೆ.

ಗೃಹಜ್ಯೋತಿ ಇದ್ದವರು 200ರ ಗೆರೆ ನೋಡಿಕೊಳ್ಳಿ

ಗೃಹಜ್ಯೋತಿಯಲ್ಲಿ ನಿಮಗೆ ನಿಗದಿಯಾದ ಯೂನಿಟ್ ಮೀರಿ, 200ರ ಒಳಗೇ ಇದ್ದರೆ ಹೆಚ್ಚುವರಿ ಯೂನಿಟ್‌ಗಷ್ಟೇ ಬಿಲ್ಲು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು. ಮನೆಯ ಬಳಕೆ 90 ಇದ್ದವರಿಗೆ ಸ್ಕೂಟರಿನ 43 ಸೇರಿದರೂ ಚಿಂತೆಯಿಲ್ಲ. 170 ಇದ್ದವರಿಗೆ 213 ಆಗಿ, 280 ರೂಪಾಯಿಯ ಚಾರ್ಜಿಂಗ್ ಸಾವಿರ ದಾಟಿದ ಬಿಲ್ಲು ತರುತ್ತದೆ. ಇಂಥವರು ಫ್ಯಾನ್, ಗೀಜರ್, ಹಳೇ ಫ್ರಿಜ್‌ಗಳಲ್ಲಿ ತಿಂಗಳಿಗೆ 20-30 ಯೂನಿಟ್ ಉಳಿಸಲು ಆಗುತ್ತದೆಯೇ ಎಂದು ಮೊದಲು ನೋಡಬೇಕು. ಐದು ನಕ್ಷತ್ರದ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಆಸುಪಾಸಿನಲ್ಲಿ ತಿರುಗುತ್ತದೆ, ಹಳೆಯದು 75 ವ್ಯಾಟ್ ತಿನ್ನುತ್ತದೆ. ದಿನಕ್ಕೆ 12 ತಾಸು ತಿರುಗುವ ಎರಡು ಫ್ಯಾನ್ ಬದಲಿಸಿದರೆ ತಿಂಗಳಿಗೆ 32 ಯೂನಿಟ್ ಉಳಿದು, ಸ್ಕೂಟರಿನ ಮುಕ್ಕಾಲು ಪಾಲು ಅಲ್ಲೇ ಹುಟ್ಟುತ್ತದೆ.

ಛಾವಣಿಯ ಪರೀಕ್ಷೆ

ಒಂದೇ ಪ್ಯಾನೆಲ್ ಸಾಕೆಂದರೂ ಗ್ರಿಡ್‌ಗೆ ಸೇರುವ ಇನ್ವರ್ಟರ್ ಒಂದೇ ಪ್ಯಾನೆಲ್ಲಿನ ವೋಲ್ಟೇಜಿಗೆ ಸಾಮಾನ್ಯವಾಗಿ ಏಳುವುದಿಲ್ಲ. ಮನೆ ಮತ್ತು ಸ್ಕೂಟರ್ ಎರಡಕ್ಕೂ ಸೇರಿ 2 ಕಿಲೋವ್ಯಾಟ್, ಅಂದರೆ ನಾಲ್ಕು ಪ್ಯಾನೆಲ್, ಹದವಾದ ಅಳತೆ. ತಿಂಗಳಿಗೆ 240ರಿಂದ 260 ಯೂನಿಟ್. ಜಾಗ 200 ಚದರ ಅಡಿ.

ಡಿಸೆಂಬರ್ ಕೊನೆಯ ವಾರ ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, 3ಕ್ಕೆ ಮಾಳಿಗೆ ಹತ್ತಿ ನೆರಳು ಎಲ್ಲಿ ಬೀಳುತ್ತದೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಆಗ ಸೂರ್ಯ ದಕ್ಷಿಣಕ್ಕೆ ವಾಲಿ ನೆರಳು ಅತಿ ಉದ್ದವಾಗಿರುತ್ತದೆ. ಆಗ ಬಿಸಿಲಿದ್ದ ಕಡೆ ವರ್ಷದ ಹೆಚ್ಚು ಕಾಲ ಬಿಸಿಲಿರುತ್ತದೆ. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ನೀರಿನ ಟ್ಯಾಂಕಿನ ನೆರಳು ಬಿದ್ದರೂ ಇಡೀ ಸಾಲಿನ ಇಳುವರಿ ಕುಗ್ಗುತ್ತದೆ. ಪ್ಯಾನೆಲ್ ಮುಖ ದಕ್ಷಿಣಕ್ಕೆ, ಓರೆ 15 ಡಿಗ್ರಿ, ಅಂದರೆ ನಮ್ಮ ಅಕ್ಷಾಂಶದಷ್ಟೇ.

ಆರ್‌ಸಿಸಿ ಸ್ಲ್ಯಾಬ್‌ಗೆ ತೂತು ಕೊರೆಸುವುದಕ್ಕಿಂತ ಕಾಂಕ್ರೀಟ್ ದಿಮ್ಮಿಗಳ ಮೇಲೆ ಚೌಕಟ್ಟು ನಿಲ್ಲಿಸುವುದು ಮೇಲು. ಒಂದಡಿ ಘನದ ದಿಮ್ಮಿ 68 ಕಿಲೋ ತೂಗುತ್ತದೆ. ಕೊರೆದ ತೂತುಗಳಲ್ಲಿ ಎರಡನೇ ಮಳೆಗಾಲಕ್ಕೆ ನೀರು ಜಿನುಗುವುದು ತೀರ ಸಾಮಾನ್ಯ. ಕಪ್ಪತಗುಡ್ಡದ ಸುತ್ತಲಿನ ಊರುಗಳಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿದ್ದು ಸುಮ್ಮನೆ ಅಲ್ಲ, ಅಲ್ಲಿ ದಿಮ್ಮಿಗಳ ತೂಕವನ್ನು ಗಾಳಿಯ ಲೆಕ್ಕ ಹಾಕಿಸಿಯೇ ಗೊತ್ತುಮಾಡಬೇಕು. ಹಳೆಯ ಮಣ್ಣಿನ ಮಾಳಿಗೆಯ ಮೇಲೆ ಮಾತ್ರ ಯಾವ ಚೌಕಟ್ಟೂ ಬೇಡ. ತೊಲೆಗಳ ಬಲ ಹೊರಗಿನಿಂದ ಕಾಣುವುದಿಲ್ಲ. ಹಿತ್ತಲಲ್ಲಿ ಎಂಟು ಅಡಿ ಎತ್ತರದ ಕಂಬಗಳ ಮೇಲೆ ಹಾಕಿದರೆ ಕೆಳಗೆ ಗಾಡಿ ನಿಲ್ಲಿಸಲು ನೆರಳೂ ಆಯಿತು, ಬ್ಯಾಟರಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಹಂಚಿನ ಮನೆಯವರಿಗೂ ಇದೇ ದಾರಿ.

ಧಾರವಾಡದಲ್ಲಿ ಮಂಗಗಳ ಕಾಟವನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಜೋತುಬಿದ್ದ ವೈರು ಕಂಡರೆ ಎಳೆಯುತ್ತವೆ. ಎಲ್ಲ ಕೇಬಲ್ ಜಿಐ ಪೈಪಿನೊಳಗೆ ಹೋಗಲಿ, ಪ್ಯಾನೆಲ್ ಹಿಂಬದಿಯ ವೈರುಗಳನ್ನು ಸ್ಟೀಲ್ ಪಟ್ಟಿಯಿಂದ ಬಿಗಿಸಲಿ. ಕನೆಕ್ಟರುಗಳ ಗಂಡು-ಹೆಣ್ಣು ಎರಡೂ ಒಂದೇ ಕಂಪನಿಯದಿರಬೇಕು. ಬೇರೆ ಬೇರೆ ಕಂಪನಿಯವು ಕೂಡಿಕೊಂಡಂತೆ ಕಂಡರೂ ಒಳಗೆ ಸಡಿಲಿದ್ದು ಕಾದು ಸುಡುತ್ತವೆ.

ಅರ್ಜಿ

2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, 3 ಕಿಲೋವ್ಯಾಟ್ ಮತ್ತು ಮೇಲಿನದಕ್ಕೆ ಒಟ್ಟು 78,000 ರೂಪಾಯಿ ಸಹಾಯಧನ. ರಾಷ್ಟ್ರೀಯ ಪೋರ್ಟಲ್‌ನಲ್ಲಿ ಹೆಸ್ಕಾಂ ಆಯ್ಕೆ ಮಾಡಿ ಬಿಲ್ಲಿನ ಗ್ರಾಹಕ ಸಂಖ್ಯೆ ಕೊಟ್ಟು ನೋಂದಾಯಿಸಿ, ಪಟ್ಟಿಯಲ್ಲಿರುವ ವೆಂಡರ್‌ನನ್ನೇ ಆರಿಸಿ. ಕೆಲಸ ಮುಗಿದು, ಹೆಸ್ಕಾಂ ಪರಿಶೀಲಿಸಿ, ಎರಡೂ ದಿಕ್ಕಿನ ಲೆಕ್ಕ ಹಿಡಿಯುವ ಮೀಟರ್ ಕೂರಿಸಿದ ಮೇಲೆ ಹಣ ನೇರ ಖಾತೆಗೆ ಬರುತ್ತದೆ. ಸಹಾಯಧನಕ್ಕೆ ದೇಶದಲ್ಲೇ ತಯಾರಾದ ಸೆಲ್‌ಗಳ ಪ್ಯಾನೆಲ್ ಕಡ್ಡಾಯ. ಬಿಲ್ಲಿನ ಮೇಲೆ ಅದನ್ನು ಬರೆಸಿಕೊಳ್ಳಿ.

ಕೆಲಸ ನಿಲ್ಲುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಮೀಟರ್ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿರುತ್ತದೆ, ಬ್ಯಾಂಕ್ ಖಾತೆ ಮೊಮ್ಮಗನ ಹೆಸರಿನಲ್ಲಿ. ಮೊದಲು ಹೆಸರು ಬದಲಾವಣೆ ಮುಗಿಸಿ, ಆಮೇಲೆ ಅರ್ಜಿ ಹಾಕಿ. ಗ್ರಿಡ್‌ಗೆ ಮಾರಿದ ಹೆಚ್ಚುವರಿ ಯೂನಿಟ್‌ಗೆ ಸಿಗುವ ದರ ನೀವು ಕೊಳ್ಳುವ ದರಕ್ಕಿಂತ ಕಡಿಮೆ. ಹಾಗಾಗಿ ಬಳಕೆಗಿಂತ ದೊಡ್ಡದನ್ನು ಹಾಕಿಸುವುದು ಜಾಣತನವಲ್ಲ.

ಕರೆಂಟು ಹೋದಾಗ ಬಿಸಿಲಿದ್ದರೂ ಇನ್ವರ್ಟರ್ ಆರುತ್ತದೆ. ಕೆಟ್ಟಿತೆಂದು ಗಾಬರಿಯಾಗಬೇಡಿ. ಲೈನ್ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ಮಾಳಿಗೆಯ ಕರೆಂಟು ತಗಲದಿರಲೆಂದೇ ಅದನ್ನು ಹಾಗೆ ಮಾಡಿರುವುದು. ಆಗ ಮನೆಯ ಯುಪಿಎಸ್‌ನಿಂದ ಸ್ಕೂಟರಿಗೆ ಚಾರ್ಜ್ ಹಾಕಲೂ ಹೋಗಬೇಡಿ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದೇ 1.8 ಯೂನಿಟ್, ಅದರಲ್ಲಿ ಅರ್ಧದಷ್ಟೇ ತೆಗೆಯಬೇಕು. ಪೂರ್ತಿ ಹಿಂಡಿದರೆ ಆ ಸೀಸದ ಬ್ಯಾಟರಿ ಬೇಗ ಸಾಯುತ್ತದೆ.

ಗಾಜಿನ ಮೇಲಿನ ಧೂಳನ್ನು ಜನವರಿಯಿಂದ ಮೇವರೆಗೆ 15 ದಿನಕ್ಕೊಮ್ಮೆ, ಹೊತ್ತೇರುವ ಮುನ್ನ ತೊಳೆಯಿರಿ. ಬೋರ್‌ವೆಲ್‌ನ ಗಡಸು ನೀರು ಒಣಗಿದರೆ ಬಿಳಿ ಪೊರೆ ಕಟ್ಟುತ್ತದೆ. ನಳದ ನೀರು ಬಳಸಿ, ಇಲ್ಲವೇ ರಬ್ಬರ್ ಪಟ್ಟಿಯಿಂದ ಕೂಡಲೇ ಒರೆಸಿ.

ಬ್ಯಾಟರಿಯ ಹದ

ಏಪ್ರಿಲ್-ಮೇನಲ್ಲಿ ಬಿಸಿಲಲ್ಲಿ ಓಡಿಬಂದ ಗಾಡಿಗೆ ಅರ್ಧ ತಾಸು ಆರಲು ಬಿಟ್ಟು ಆಮೇಲೆ ಪ್ಲಗ್ ಹಾಕಿ. ದಿನದ ಓಟ 45 ಕಿಮೀ ಇದ್ದರೆ 3 ಯೂನಿಟ್ ಬ್ಯಾಟರಿಯ ಅರ್ಧ ಮಾತ್ರ ಖಾಲಿಯಾಗುತ್ತದೆ, ಎರಡೂವರೆ ತಾಸಿನಲ್ಲಿ ತುಂಬುತ್ತದೆ. ಶೇ 20ರಿಂದ 80ರ ನಡುವೆ ಇಟ್ಟರೆ ಬಾಳಿಕೆ ಹೆಚ್ಚು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯಾದರೆ ಕಂಪನಿ ಹೇಳಿದಷ್ಟು ದಿನಕ್ಕೊಮ್ಮೆ ನೂರಕ್ಕೆ ತುಂಬಿಸಬೇಕು, ಇಲ್ಲವಾದರೆ ಶೇಕಡಾ ತೋರಿಸುವ ಲೆಕ್ಕ ತಪ್ಪುತ್ತದೆ. ದೀರ್ಘ ರಜೆಗೆ ಹೋಗುವಾಗ ಶೇ 50-60 ಇಟ್ಟು ಹೋಗಿ. ಖಾಲಿ ಬಿಟ್ಟ ಬ್ಯಾಟರಿ ವಾರಗಟ್ಟಲೆ ನಿಂತರೆ ಮತ್ತೆ ಏಳದೇ ಹೋಗಬಹುದು.

ಸೈಕಲ್ಲಿಗೆ ಮೋಟಾರ್

ಸಾಧನಕೇರಿ, ಉಣಕಲ್ ಕೆರೆ, ನೃಪತುಂಗ ಬೆಟ್ಟದ ಕಡೆ ಬೆಳಗಿನ ಸುತ್ತಿಗೆ ಸ್ಕೂಟರೂ ಬೇಡ. 250 ವ್ಯಾಟ್‌ಗಿಂತ ಕಡಿಮೆ ಮೋಟಾರ್, ಗಂಟೆಗೆ 25 ಕಿಮೀ ಒಳಗಿನ ವೇಗದ ಸೈಕಲ್ಲಿಗೆ ನೋಂದಣಿ, ಲೈಸೆನ್ಸ್ ಬೇಕಿಲ್ಲ. 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿ ಎಂದರೆ 0.36 ಯೂನಿಟ್. ಪೆಡಲ್ ತುಳಿಯುತ್ತ ಹೋದರೆ 35-50 ಕಿಮೀ.

ಇದ್ದ ಸೈಕಲ್ಲಿಗೆ ಕಿಟ್ ಹಾಕುವುದಾದರೆ ಹಿಂದಿನ ಚಕ್ರದ ಅಚ್ಚು ಕೂರುವ ಎರಡು ಕಚ್ಚುಗಳ ನಡುವಿನ ಅಂತರ ಅಳೆಯಿರಿ. ಗೇರ್ ಸೈಕಲ್ಲಿನಲ್ಲಿ 135 ಮಿಮೀ ಇರುತ್ತದೆ, ಹೆಚ್ಚಿನ ಕಿಟ್ ಅದಕ್ಕೇ ಹೊಂದುತ್ತವೆ. ಹಳೆಯ ಕರಿ ಸೈಕಲ್ಲಿನಲ್ಲಿ ಇದಕ್ಕಿಂತ ಕಿರಿದು. ಬಲವಂತವಾಗಿ ಅಗಲಿಸಿದರೆ ಚೌಕಟ್ಟು ಬಿರುಕು ಬಿಡುತ್ತದೆ. ಮೋಟಾರಿನ ಅಚ್ಚು ತಿರುಗದಂತೆ ಹಿಡಿಯುವ ಟಾರ್ಕ್ ಆರ್ಮ್ ಎಂಬ ಉಕ್ಕಿನ ಪಟ್ಟಿಯನ್ನು ಬಿಡಲೇಬೇಡಿ. ಅದಿಲ್ಲದೆ ಏರಿನಲ್ಲಿ ಅಚ್ಚು ತಾನೇ ತಿರುಗಿ ವೈರು ಕತ್ತರಿಸಿಕೊಳ್ಳುತ್ತದೆ, ಚಕ್ರ ಕಳಚಬಹುದು. ಅಲ್ಯೂಮಿನಿಯಂ ಮುಂಚಿಮಟಕ್ಕೆ (ಮುಂದಿನ ಫೋರ್ಕಿಗೆ) ಮುಂಚಕ್ರದ ಮೋಟಾರ್ ಕೂರಿಸಬೇಡಿ. ಬ್ರೇಕ್ ಹಿಡಿದಾಗ ಮೋಟಾರ್ ನಿಲ್ಲಿಸುವ ಲಿವರ್ ಕಿಟ್‌ನಲ್ಲಿದ್ದರೆ ಹಾಕಿಸಿ, ಇಲ್ಲದಿದ್ದರೆ ಬೇರೆ ತಂದು ಹಾಕಿಸಿ.

ಇದನ್ನು ಗ್ರಿಡ್ ಇಲ್ಲದ ತೋಟದಲ್ಲೂ ನೇರ ಬಿಸಿಲಿನಿಂದ ತುಂಬಬಹುದು. 12 ವೋಲ್ಟ್‌ನ 100 ವ್ಯಾಟ್ ಪ್ಯಾನೆಲ್ ಎರಡನ್ನು ಸರಣಿಯಲ್ಲಿ ಜೋಡಿಸಿ, ಅಲ್ಲಿಂದ ವೋಲ್ಟೇಜನ್ನು ಏರಿಸಲೂ ಇಳಿಸಲೂ ಬಲ್ಲ (ಬಕ್-ಬೂಸ್ಟ್) ಸೋಲಾರ್ ಚಾರ್ಜ್ ಕಂಟ್ರೋಲರಿಗೆ, ಅಲ್ಲಿಂದ 5 ಆಂಪಿಯರ್ ಫ್ಯೂಸ್ ಮೂಲಕ ಬ್ಯಾಟರಿಗೆ. ಬ್ಯಾಟರಿ ಸೇರಿಸುವ ಮೊದಲೇ ಕಂಟ್ರೋಲರಿನ ಔಟ್‌ಪುಟ್ ಸರಿಯಾಗಿ 42.0 ವೋಲ್ಟ್, ಕರೆಂಟ್ 2 ಆಂಪಿಯರ್ ಎಂದು ಮಲ್ಟಿಮೀಟರ್ ಹಿಡಿದು ಹೊಂದಿಸಿ. ಕಂಟ್ರೋಲರ್ ಬಿಟ್ಟು ನೇರ ಜೋಡಿಸಿದರೆ ಕರೆಂಟ್ ಎಳೆಯದಿರುವಾಗ ಪ್ಯಾನೆಲ್ಲುಗಳಲ್ಲಿ ಇರುವ 44 ವೋಲ್ಟ್ ಲಿಥಿಯಂ ಸೆಲ್‌ಗಳ ಮಿತಿ ಮೀರುತ್ತದೆ. ಬ್ಯಾಟರಿಯೊಳಗಿನ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್) ಕಟ್ಟಕಡೆಯ ಕಾವಲು ಮಾತ್ರ, ಅದನ್ನೇ ದಿನಾ ನೆಚ್ಚಿಕೊಳ್ಳಬಾರದು. ಪ್ಯಾನೆಲ್ ಬಿಸಿಲಲ್ಲಿ, ಬ್ಯಾಟರಿ ನೆರಳಲ್ಲಿ.

ಭಾನುವಾರದ ದಾರಿ

ಗದಗಿನವರಿಗೆ ಮಾಗಡಿ ಕೆರೆ ಸುಲಭ: 26 ಕಿಮೀ, ಹೋಗಿಬಂದರೆ 52, ಒಂದೇ ಚಾರ್ಜಿನ ಮಾತು. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಬಂದಿರುವಾಗ ಸದ್ದಿಲ್ಲದ ಗಾಡಿ ಅಲ್ಲಿಗೆ ತಕ್ಕದ್ದು. 2024ರಲ್ಲಿ ಈ ಕೆರೆಗೆ ರಾಮ್‌ಸಾರ್ ತಾಣದ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶದ) ಮನ್ನಣೆಯೂ ಸಿಕ್ಕಿದೆ.

ಹುಬ್ಬಳ್ಳಿಯಿಂದ ಲಕ್ಕುಂಡಿಗೆ ಲೆಕ್ಕ ಹಾಕಿಯೇ ಹೊರಡಬೇಕು. ಗದಗಕ್ಕೆ 58, ಮುಂದೆ 12, ಒಟ್ಟು 70 ಕಿಮೀ. 45ರ ವೇಗದಲ್ಲಿ ನಿಜವಾಗಿ 88 ಕಿಮೀ ಓಡುವ ಗಾಡಿ ಶೇ 20 ಉಳಿಸಿಕೊಂಡು ತಲುಪುತ್ತದೆ. ಗಾಡಿಯ ಜೊತೆಗೇ ಒಯ್ಯುವ ಚಾರ್ಜರ್ ಇಟ್ಟುಕೊಳ್ಳಿ. ಮತ್ತೆ ತುಂಬಲು ನಾಲ್ಕು ತಾಸು ಬೇಕು, ಕಾಶಿವಿಶ್ವನಾಥ ಗುಡಿ, ಬ್ರಹ್ಮ ಜಿನಾಲಯ, ಮುಸುಕಿನ ಬಾವಿ ನೋಡಿ ಊಟ ಮುಗಿಸಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಊಟ ಮಾಡುವ ಖಾನಾವಳಿಯಲ್ಲಿ ಹಿಂದಿನ ದಿನವೇ ಫೋನ್ ಮಾಡಿ ಕೇಳಿ. ನೀವು ಎಳೆಯುವುದು ಮೂರು ಯೂನಿಟ್‌ಗಿಂತ ಕಡಿಮೆ, ಐವತ್ತು ರೂಪಾಯಿ ಕೊಟ್ಟರೆ ಯಾರೂ ಬೇಡವೆನ್ನುವುದಿಲ್ಲ. ಅಲ್ಲಿಯ ಸಾಕೆಟ್ಟಿಗೆ ಹಾಕಿ ಹತ್ತು ನಿಮಿಷ ಬಿಟ್ಟು ಪ್ಲಗ್ ಮುಟ್ಟಿ ನೋಡಿ, ಬಿಸಿಯಾಗಿದ್ದರೆ ಬೇರೆ ಸಾಕೆಟ್ ಕೇಳಿ.

ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಗದಗದ ಬಯಲಿನಲ್ಲಿ ಜೋರು. ಹೋಗುವಾಗ ಬೆನ್ನಿಗೆ ಬರುವ ಈ ಗಾಳಿ ಬರುವಾಗ ಎದೆಗೆ ಹೊಡೆಯುತ್ತದೆ. ಹೋಗುವಾಗಿನ ಶೇಕಡಾ ನೋಡಿ ಮೋಸಹೋಗಬೇಡಿ. ಮರಳುವಾಗ ನೂರಕ್ಕೆ ತುಂಬಿಸಿಯೇ ಹೊರಡಿ, ವೇಗ 40ಕ್ಕೆ ಇಳಿಸಿ. ಅಣ್ಣಿಗೇರಿಗೆ ಬಂದಾಗ ಶೇ 50ಕ್ಕಿಂತ ಕಡಿಮೆ ಉಳಿದಿದ್ದರೆ ಅಲ್ಲಿಯೇ ಒಂದು ತಾಸು ಪ್ಲಗ್ ಹಾಕಿ, ಅಮೃತೇಶ್ವರ ಗುಡಿ ನೋಡಿ ಬನ್ನಿ. ಹುಬ್ಬಳ್ಳಿ ಅಲ್ಲಿಂದ ಇನ್ನೂ 35 ಕಿಮೀ.